ಎಲೆ ಉದುರುವ ಊರಿಗೆ ಪ್ಲಾಸ್ಟಿಕ್ ಎಲೆ ತಂದ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ. ಐದು ಸ್ಟಾರ್‌ಗೆ ಎರಡೂವರೆ. ಆ ಎರಡೂವರೆ ಯಾತಕ್ಕೆ ಕೊಟ್ಟೆ, ಉಳಿದದ್ದನ್ನು ಯಾಕೆ ಕಳೆದೆ ಅಂತ ಹೇಳಲು ಸ್ವಲ್ಪ ಉದ್ದಕ್ಕೇ ಬರೆಯಬೇಕು. ಕನ್ನಡ ಕೂಟದ ದೀಪಾವಳಿ ಊಟದಲ್ಲಿ ನಾಲ್ಕೈದು ಜನ ಹುಡುಗಿಯರು, "ಆಂಟಿ, ನಿಮ್ಮ ಮೊಮ್ಮಗನ ಕ್ಲಾಸಿಗೆ ಆ ಫಾಲ್ ಬಾಕ್ಸ್ ಕೊಟ್ಟಿದ್ದೀರಂತೆ, ಹೇಗಿದೆ? ತಗೋಬಹುದಾ?" ಅಂತ ಕೇಳಿದರು. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಹೇಳಿ ಮುಗಿಸುವ ವಿಷಯ ಅದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಫಾಲ್ ಅಂದರೆ ಇಲ್ಲಿ ಎಲೆ ಉದುರುವ ಕಾಲ. ಆ ಕಾಲದ ಪಾಠಕ್ಕೆ ಬೇಕಾದ ಸಾಮಾನು ತುಂಬಿದ ಡಬ್ಬಿ ಇದು. ಬೆಲೆ 38 ಡಾಲರ್. ಕಂಪನಿ ಹೆಸರು ಬೇಡ. ಇಂಥದ್ದೇ ಡಬ್ಬಿಗಳು ಹತ್ತಾರು ಇವೆ. ಮೇಲಿನ ಅಳಿಲಿನ ಚಿತ್ರ ಒಂದು ಬೇರೆ, ಒಳಗಿನ ಸಾಮಾನು ಹೆಚ್ಚುಕಮ್ಮಿ ಅದೇ. ಮಗಳು ಸೆಪ್ಟೆಂಬರ್ ಕೊನೆಯಲ್ಲಿ ಆನ್‌ಲೈನಿನಲ್ಲಿ ತರಿಸಿದಳು. ಮೊಮ್ಮಗ ಈ ವರ್ಷ ಕಿಂಡರ್‌ಗಾರ್ಟನ್ ಸೇರಿದ್ದಾನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶ್ರೂಸ್‌ಬರಿ ಅನ್ನುವ ಊರು. ಅವನ ಟೀಚರ್ ಅಕ್ಟೋಬರ್, ನವೆಂಬರ್ ಪೂರ್ತಿ ಫಾಲ್ ಥೀಮ್ ಮಾಡುತ್ತಾರೆ ಅಂತ ಕಾಗದ ಕಳಿಸಿದ್ದರು. ಸೇಬು, ಎಲೆ, ಕುಂಬಳಕಾಯಿ, ಅಳಿಲು. ಲೆಕ್ಕ, ಅಕ್ಷರ, ವಿಜ್ಞಾನ ಎಲ್ಲವೂ ಅದರ ಸುತ್ತಲೇ. ಹಾಗಾಗಿ ತರಗತಿಗೆ ಏನಾದರೂ ಕೊಡೋಣ ಅಂತ ಮಗಳ ಆಸೆ.

ನಾನು ಯಾರು ಅಂತ ಹೇಳದೆ ವಿಮರ್ಶೆ ಮಾಡಿದರೆ ಸರಿಹೋಗುವುದಿಲ್ಲ. ಮೈಸೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿದವಳು ನಾನು. ಮೇಡಂ ಅನ್ನುವುದೆಲ್ಲ ಆಮೇಲೆ ಬಂತು, ಮೊದಲ ಊರಿನಲ್ಲಿ ಎಲ್ಲರೂ "ಹೆಣ್ ಮೇಷ್ಟ್ರು" ಅಂತಲೇ ಕರೆಯುತ್ತಿದ್ದರು. ಅರ್ಧಕ್ಕಿಂತ ಜಾಸ್ತಿ ವರ್ಷ ನಲಿ-ಕಲಿಯಲ್ಲೇ ಕಳೆದೆ. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ, ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿದ್ದು ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂತು, ಯಾವುದಾದ ಮೇಲೆ ಯಾವುದು ಅಂತ ತೋರಿಸುವ ಕಲಿಕಾ ಏಣಿ ನೋಡಿ ತಮ್ಮ ಕಾರ್ಡು ತಾವೇ ಎತ್ತಿಕೊಂಡು ಕಲಿಯುವುದು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ್ದೆಲ್ಲ ನೇತಾಡುತ್ತಿರುತ್ತದೆ. ಗೋಡೆಯಲ್ಲಿ ಹವಾಮಾನ ನಕ್ಷೆ. ಇವತ್ತು ಬಿಸಿಲಾ, ಮೋಡವಾ, ಮಳೆಯಾ ಅಂತ ಮಕ್ಕಳೇ ಗುರುತು ಹಾಕುತ್ತಿದ್ದರು.

ಮೊಮ್ಮಗನ ತರಗತಿಗೆ ಮೊದಲ ದಿನ ಹೋದಾಗ ಕಣ್ಣಿಗೆ ಬಿದ್ದದ್ದೇ ಗೋಡೆಯ ಹವಾಮಾನದ ಚಾರ್ಟು ಮತ್ತು ತಲೆಯ ಮೇಲೆ ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕಿದ ಮಕ್ಕಳ ಚಿತ್ರಗಳು. ನನ್ನ ಶಾಲೆಯನ್ನೇ ಯಾರೋ ತಂದು ಇಲ್ಲಿಟ್ಟು ಕಾರ್ಪೆಟ್ ಹಾಸಿದ ಹಾಗಿತ್ತು. ಅಲ್ಲಿಗೆ ಹೋಗಲು ಮಾತ್ರ ಸುಲಭ ಇರಲಿಲ್ಲ. ಈ ರಾಜ್ಯದಲ್ಲಿ ಶಾಲೆಗೆ ಸಹಾಯಕ್ಕೆ ಹೋಗಬೇಕಾದರೆ ಕೋರಿ ಅಂತ ಒಂದು ತಪಾಸಣೆ ಇದೆ. ನಮ್ಮ ಮೇಲೆ ಏನಾದರೂ ಪೊಲೀಸ್ ಕೇಸು ಇದೆಯಾ ಅಂತ ನೋಡುತ್ತಾರೆ. ಅರ್ಜಿ ತುಂಬಿ, ಪಾಸ್‌ಪೋರ್ಟ್ ತೋರಿಸಿ, ಕಾದು, ಅಕ್ಟೋಬರ್ ಮೊದಲ ವಾರದಿಂದ ಪ್ರತಿ ಶುಕ್ರವಾರ ಎರಡು ಗಂಟೆ ಹೋಗಲು ಒಪ್ಪಿಗೆ ಸಿಕ್ಕಿತು. ಮಗಳು ತರಿಸಿದ ಡಬ್ಬಿಯೂ ನನ್ನ ಜೊತೆಯೇ ಬಂತು. ಹಾಗಾಗಿ ಆರು ಶುಕ್ರವಾರ ಆ ಡಬ್ಬಿ 19 ಮಕ್ಕಳ ಕೈಯಲ್ಲಿ ಏನಾಯಿತು ಅಂತ ಕಣ್ಣಾರೆ ನೋಡಿದ್ದೇನೆ.

ಒಳಗೆ ಇದ್ದದ್ದು ಇಷ್ಟು: ಬಟ್ಟೆಯಂಥ ಪ್ಲಾಸ್ಟಿಕ್ಕಿನ 60 ಎಲೆಗಳು, 100 ಪ್ಲಾಸ್ಟಿಕ್ ಏಕಾರ್ನ್‌ಗಳು, ಆರು ಚಿಮಟ, ಹತ್ತು ಮನೆಗಳ ಲೆಕ್ಕದ ಕಾರ್ಡು ಹನ್ನೆರಡು, ಎಲೆಯ ಅಚ್ಚಿನ ಪ್ಲೇಟು ಆರು, ಕುಂಬಳಕಾಯಿ ಬೆಳೆಯುವ ಕಥೆಯ ಕಾರ್ಡುಗಳು, ಚಿತ್ರಕ್ಕೆ ಹೆಸರು ಜೋಡಿಸುವ ಕಾರ್ಡುಗಳು, ಮತ್ತೆ 60 ಪುಟದ ವರ್ಕ್‌ಶೀಟ್ ಪುಸ್ತಕ. ಏಕಾರ್ನ್ ಅಂದರೆ ಓಕ್ ಮರದ ಕಾಯಿ. ತಲೆಗೆ ಟೋಪಿ ಹಾಕಿಕೊಂಡ ಅಡಿಕೆ ಅಂದುಕೊಳ್ಳಿ.

ಎಲೆಯಿಂದ ಶುರು ಮಾಡೋಣ, ಯಾಕೆಂದರೆ ನನಗೆ ಮೈ ಉರಿದದ್ದು ಅಲ್ಲೇ.

ಅಕ್ಟೋಬರ್ ಮಧ್ಯದಲ್ಲಿ ಇಲ್ಲಿನ ರಸ್ತೆಗಳನ್ನು ನೋಡಬೇಕು. ಮೇಪಲ್ ಮರಗಳು ಕುಂಕುಮ ಚೆಲ್ಲಿದ ಹಾಗೆ. ಬರ್ಚ್ ಅರಿಶಿನ. ಓಕ್ ಮಾತ್ರ ತಡ, ಅದು ಕಂದು ಬಣ್ಣಕ್ಕೆ ತಿರುಗಿ ಒರಟಾಗಿ ನಿಂತಿರುತ್ತದೆ. ಅಳಿಯಂದಿರು ಭಾನುವಾರ ಅಂಗಳ ಗುಡಿಸಿ ಎಲೆಗಳನ್ನು ದೊಡ್ಡ ದೊಡ್ಡ ಕಾಗದದ ಚೀಲಕ್ಕೆ ತುಂಬುತ್ತಾರೆ, ಸೋಮವಾರ ಬೆಳಿಗ್ಗೆ ಮತ್ತೆ ಅಷ್ಟೇ ಬಿದ್ದಿರುತ್ತದೆ. ಇಂಥ ಊರಿಗೆ ಪ್ಲಾಸ್ಟಿಕ್ ಎಲೆ ದುಡ್ಡು ಕೊಟ್ಟು ತರಿಸುವುದು ಅಂದರೆ ಮಡಿಕೇರಿಗೆ ಮಂಜು ಪಾರ್ಸಲ್ ಕಳಿಸಿದ ಹಾಗೆ. ಮಗಳಿಗೆ ಹೇಳಿದೆ. "ಅಮ್ಮಾ, ಅದು ವಾಶಬಲ್" ಅಂದಳು. ಸರಿ.

ಮೊದಲ ಶುಕ್ರವಾರ ಟೀಚರ್ ಮರ್ಯಾದೆಗೆ ಆ ಎಲೆಗಳನ್ನು ಒಂದು ಗುಂಪಿಗೆ ಕೊಟ್ಟರು. ಬಣ್ಣದ ಪ್ರಕಾರ ಬೇರೆ ಮಾಡಿ ಅಂತ. ಕೆಂಪು ಇಪ್ಪತ್ತು, ಹಳದಿ ಇಪ್ಪತ್ತು, ಕಿತ್ತಳೆ ಇಪ್ಪತ್ತು. ಐದು ವರ್ಷದ ಮಕ್ಕಳಿಗೆ ಅದು ಯಾವ ಲೆಕ್ಕ? ಮೂರು ನಿಮಿಷದಲ್ಲಿ ಮುಗಿಸಿದರು. ನಾಲ್ಕನೇ ನಿಮಿಷಕ್ಕೆ ಎಲೆಗಳು ಗಾಳಿಯಲ್ಲಿ ಹಾರಾಡುತ್ತಿದ್ದವು. ಐದನೇ ನಿಮಿಷಕ್ಕೆ ಒಂದು ಎಲೆ ಒಬ್ಬ ಹುಡುಗನ ಅಂಗಿಯೊಳಗೆ ಇತ್ತು.

ಮುಂದಿನ ವಾರ ಟೀಚರ್ ಮಕ್ಕಳನ್ನೇ ಆಟದ ಮೈದಾನಕ್ಕೆ ಕರೆದುಕೊಂಡು ಹೋದರು. ಒಬ್ಬೊಬ್ಬರು ಐದೈದು ಎಲೆ ತರಬೇಕು. ಒಳಗೆ ಬಂದ ಮೇಲೆ ಕಾರ್ಪೆಟ್ ಮೇಲೆ ಎರಡು ಹುಲಾ ಹೂಪ್, ಅಂದರೆ ಸೊಂಟದಲ್ಲಿ ತಿರುಗಿಸುವ ದೊಡ್ಡ ಬಳೆ, ಇಟ್ಟರು. ಒಂದು ಕೆಂಪು ಎಲೆಗೆ, ಇನ್ನೊಂದು ಹಳದಿಗೆ. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಒಬ್ಬಳು ಹುಡುಗಿ ಮಾತ್ರ ಕೈಯಲ್ಲಿ ಎಲೆ ಹಿಡಿದುಕೊಂಡು ನಿಂತೇ ಇದ್ದಳು. ಅವಳ ಎಲೆ ಅರ್ಧ ಕೆಂಪು, ಅರ್ಧ ಹಳದಿ. ನಡುವಿನ ನರದಿಂದ ಆಚೆ ಒಂದು ಬಣ್ಣ, ಈಚೆ ಒಂದು ಬಣ್ಣ, ಗೆರೆ ಹಾಕಿದ ಹಾಗೆ. "ಈಗ ಏನು ಮಾಡೋಣ?" ಅಂತ ಟೀಚರ್ ಎಲ್ಲರನ್ನೂ ಕೇಳಿದರು. ಒಬ್ಬ ಹುಡುಗ, "ಹರಿದುಬಿಡೋಣ" ಅಂದ. ಅವಳು ಎಲೆಯನ್ನು ಎದೆಗೆ ಅವಚಿಕೊಂಡಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಟೀಚರ್ ಕೂಡ ಬಾಯಿ ಬಿಡಲಿಲ್ಲ, ಅದು ಎಷ್ಟು ಕಷ್ಟ ಅಂತ ಪಾಠ ಮಾಡಿದವರಿಗೆ ಗೊತ್ತು. ಆಮೇಲೆ ಹಿಂದೆ ಕೂತಿದ್ದ ಒಂದು ಮಗು ಎದ್ದು ಬಂದು ಒಂದು ಹೂಪನ್ನು ಎಳೆದು ಇನ್ನೊಂದರ ಮೇಲೆ ಸ್ವಲ್ಪ ಹತ್ತಿಸಿತು. ನಡುವೆ ಮೀನಿನ ಆಕಾರದ ಜಾಗ ಆಯಿತು. ಹುಡುಗಿ ಎಲೆಯನ್ನು ಅಲ್ಲಿಟ್ಟಳು.

ದೊಡ್ಡ ತರಗತಿಯಲ್ಲಿ ಇದಕ್ಕೆ ವೆನ್ ಚಿತ್ರ ಅಂತ ಹೆಸರಿಟ್ಟು ಪರೀಕ್ಷೆಗೆ ಕೊಡುತ್ತೇವೆ. ಆ 60 ಪ್ಲಾಸ್ಟಿಕ್ ಎಲೆಗಳಲ್ಲಿ ಒಂದಾದರೂ ಅರ್ಧ ಕೆಂಪು ಅರ್ಧ ಹಳದಿ ಇದೆಯಾ ಅಂತ ಹುಡುಕಿದೆ. ಇಲ್ಲ. ಒಂದು ಸ್ಟಾರ್ ಅಲ್ಲೇ ಹೋಯಿತು.

ಅಚ್ಚಿನ ಪ್ಲೇಟುಗಳದ್ದೂ ಅದೇ ಕಥೆ. ಪ್ಲೇಟಿನ ಮೇಲೆ ಕಾಗದ ಇಟ್ಟು ಕ್ರೇಯಾನ್ ಉಜ್ಜಿದರೆ ಎಲೆಯ ಚಿತ್ರ ಮೂಡುತ್ತದೆ. ಮೂಡುತ್ತದೆ, ಆದರೆ 19 ಮಕ್ಕಳಿಗೂ ಒಂದೇ ಎಲೆ. ನಿಜವಾದ ಎಲೆಯಲ್ಲಿ ಮಾಡಿದರೆ ಹುಳ ತಿಂದ ತೂತೂ ಮೂಡುತ್ತದೆ, ಆ ತೂತಿನ ಬಗ್ಗೆ ಮಕ್ಕಳು ಹತ್ತು ನಿಮಿಷ ಮಾತಾಡುತ್ತಾರೆ. ಮನೆಯಲ್ಲಿ ಮಾಡುವವರಿಗೆ ಒಂದು ಮಾತು: ಒಣಗಿ ಗರಿಗರಿ ಆದ ಎಲೆ ಬೇಡ, ಪುಡಿಯಾಗುತ್ತದೆ. ಅವತ್ತೇ ಬಿದ್ದದ್ದು ತನ್ನಿ. ನರ ಉಬ್ಬಿರುವ ಹಿಂಬದಿ ಮೇಲಕ್ಕೆ ಬರಬೇಕು. ಕ್ರೇಯಾನಿನ ಕಾಗದ ಸುಲಿದು, ಅದನ್ನು ಮಲಗಿಸಿ ಉಜ್ಜಬೇಕು. ನಮ್ಮ ಶಾಲೆಯಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸುತ್ತಿದ್ದೆ. ಅರಳಿ ಎಲೆಯನ್ನು ನೀರಲ್ಲಿ ಕೊಳೆಸಿ, ಬರೀ ಜಾಲರಿ ಉಳಿಸಿ, ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದರು ಮಕ್ಕಳು. ವಾಸನೆ ಮಾತ್ರ ಕೇಳಬೇಡಿ.

ಇಷ್ಟು ಬೈದ ಮೇಲೆ ಏಕಾರ್ನ್ ಬಗ್ಗೆಯೂ ಬೈಯಬೇಕು ಅಂತಲೇ ಹೊರಟಿದ್ದೆ. ಬೀದಿ ತುಂಬ ಬಿದ್ದಿರುವ ಕಾಯಿಗೆ ಪ್ಲಾಸ್ಟಿಕ್ ಯಾಕೆ? ನಾನೂ ಮೊಮ್ಮಗನೂ ಒಂದು ಸಂಜೆ ಕೂತು 120 ಏಕಾರ್ನ್ ಆರಿಸಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಡೈನಿಂಗ್ ಟೇಬಲ್ ಮೇಲೆ ಇಟ್ಟೆವು, ಶುಕ್ರವಾರ ಕೊಂಡೊಯ್ಯೋಣ ಅಂತ. ಬುಧವಾರ ಬೆಳಿಗ್ಗೆ ಮಗಳ ಕಿರುಚಾಟಕ್ಕೆ ಎಚ್ಚರವಾಯಿತು. ಚೀಲದೊಳಗೆ ಬಿಳಿ ಹುಳ. ದಪ್ಪಗೆ, ಅನ್ನದ ಅಗುಳಿನ ಹಾಗೆ, ಎಂಟೋ ಹತ್ತೋ ಇದ್ದವು. ಒಂದು ಜಾತಿಯ ಮೂತಿಹುಳ ಕಾಯಿ ಇನ್ನೂ ಎಳೆಯದಾಗಿದ್ದಾಗಲೇ ಒಳಗೆ ಮೊಟ್ಟೆ ಇಡುತ್ತದಂತೆ. ಕಾಯಿ ಉದುರಿದ ಮೇಲೆ ಮರಿ ತೂತು ಕೊರೆದು ಹೊರಗೆ ಬಂದು ಮಣ್ಣಿಗೆ ಇಳಿಯುತ್ತದೆ. ಅವಕ್ಕೆ ಮಣ್ಣು ಸಿಗಲಿಲ್ಲ, ಮಗಳ ಟೇಬಲ್ ಸಿಕ್ಕಿತು. ಮೊಮ್ಮಗನಿಗೆ ಮಾತ್ರ ಅದು ಇಡೀ ಫಾಲ್‌ನಲ್ಲೇ ಅತ್ಯಂತ ಖುಷಿಯ ದಿನ. ಒಂದಕ್ಕೆ ಹೆಸರೂ ಇಟ್ಟ.

ಹುಳ ಇಲ್ಲದ ಕಾಯಿ ಆರಿಸಿಕೊಂಡು ಹೋಗೋಣ ಅಂದರೂ ಆಗುತ್ತಿರಲಿಲ್ಲ. ತರಗತಿಯ ಬಾಗಿಲಿಗೇ ಫಲಕ ಇದೆ, ಇಲ್ಲಿ ಒಬ್ಬ ಮಗುವಿಗೆ ನಟ್ಸ್ ಅಲರ್ಜಿ, ಕಡಲೆಕಾಯಿ, ಬಾದಾಮಿ, ಗೋಡಂಬಿ ಯಾವುದೂ ತರಬೇಡಿ ಅಂತ. ಏಕಾರ್ನ್ ಕೂಡ ಮರದ ಬೀಜವೇ ಅಲ್ವಾ, ಮೈದಾನದಲ್ಲಿ ನೋಡಿ, ಒಳಗೆ ಬೇಡ ಅಂದರು ಟೀಚರ್. ನಮ್ಮ ಕಾಲದಲ್ಲಿ ಹುಣಸೆ ಬೀಜ, ಹೊಂಗೆ ಬೀಜ ಏನು ಸಿಕ್ಕಿದರೂ ಎಣಿಸಲು ಕೊಟ್ಟುಬಿಡುತ್ತಿದ್ದೆವು. ಮೂಗಿನೊಳಗೆ ಹಾಕಿಕೊಂಡವರಿದ್ದಾರೆ, ಅಲರ್ಜಿ ಅನ್ನುವ ಮಾತು ಕೇಳಿರಲಿಲ್ಲ. ಆ ಮಗುವಿನ ತಾಯಿಯನ್ನು ಒಂದು ದಿನ ಗೇಟಿನ ಹತ್ತಿರ ನೋಡಿದೆ. ಬ್ಯಾಗಿನಲ್ಲಿ ಸದಾ ಇಂಜೆಕ್ಷನ್ ಇಟ್ಟುಕೊಂಡು ಓಡಾಡುತ್ತಾರೆ. ಅದಾದ ಮೇಲೆ ಪ್ಲಾಸ್ಟಿಕ್ ಏಕಾರ್ನ್ ಬಗ್ಗೆ ನನ್ನ ಬಾಯಿ ಬಂದ್.

ಬಾಯಿ ಬಂದ್ ಮಾತ್ರ ಅಲ್ಲ, ಆ ಡಬ್ಬಿಯಲ್ಲಿ ನಿಜವಾಗಿ ದುಡಿದ ಸಾಮಾನು ಅಂದರೆ ಅವೇ. ಹತ್ತು ಮನೆಗಳ ಕಾರ್ಡು ಅಂದೆನಲ್ಲ, ಮೇಲೆ ಐದು ಚೌಕ, ಕೆಳಗೆ ಐದು ಚೌಕ. ದಾಳ ಹಾಕಬೇಕು, ಬಿದ್ದಷ್ಟು ಏಕಾರ್ನ್ ಚಿಮಟದಲ್ಲಿ ಎತ್ತಿ ಒಂದೊಂದು ಮನೆಗೆ ಒಂದೊಂದು ಇಡಬೇಕು. ಹತ್ತು ತುಂಬಿದವರು ಗೆದ್ದ ಹಾಗೆ. ಇದರಲ್ಲಿ ಒಂದು ಕೆಲಸ ಅಲ್ಲ, ಮೂರು ನಡೆಯುತ್ತದೆ. ಏಳು ಇಟ್ಟ ಮೇಲೆ ಖಾಲಿ ಮನೆ ಮೂರು ಕಣ್ಣಿಗೇ ಕಾಣುತ್ತದೆ. ಏಳು ಮತ್ತು ಮೂರು ಹತ್ತು ಅಂತ ಬಾಯಿಪಾಠ ಬೇಡ. ಮೇಲಿನ ಸಾಲು ತುಂಬಿದರೆ ಐದು ಅಂತ ಎಣಿಸದೆಯೇ ಗೊತ್ತಾಗುತ್ತದೆ. ಇನ್ನು ಚಿಮಟ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರಲ್ಲಿ ಹಿಡಿದು ಅದುಮಿದರೆ ಮಾತ್ರ ಏಕಾರ್ನ್ ಏಳುತ್ತದೆ. ಪೆನ್ಸಿಲ್ ಹಿಡಿಯುವುದೂ ಅದೇ ಮೂರು ಬೆರಳಲ್ಲಿ. ಮುಷ್ಟಿಯಲ್ಲಿ ಕ್ರೇಯಾನ್ ಹಿಡಿಯುತ್ತಿದ್ದ ಒಬ್ಬ ಹುಡುಗ ನಾಲ್ಕನೇ ವಾರದ ಹೊತ್ತಿಗೆ ಬೆರಳಲ್ಲಿ ಹಿಡಿಯುತ್ತಿದ್ದ. ಚಿಮಟವೇ ಮಾಡಿತು ಅಂತ ಆಣೆ ಮಾಡಲಾರೆ, ಆದರೆ ನನಗೆ ಹಾಗನಿಸಿತು.

ಕಿಂಡರ್‌ಗಾರ್ಟನ್ ಮುಗಿಯುವ ಹೊತ್ತಿಗೆ ಇಲ್ಲಿನ ಮಕ್ಕಳು ನೂರರವರೆಗೆ ಒಂದೊಂದಾಗಿ, ಹತ್ತತ್ತಾಗಿ ಎಣಿಸಬೇಕು. ಅದಕ್ಕೆ ಈ ಕಾರ್ಡು ಒಳ್ಳೆಯ ಮೆಟ್ಟಿಲು. ನಾವು ಕಡ್ಡಿ ಕಟ್ಟು ಕಟ್ಟಿಸುತ್ತಿದ್ದೆವು, ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ವಿಚಾರ ಒಂದೇ. ನಮ್ಮದರಲ್ಲಿ ರಬ್ಬರ್ ಬ್ಯಾಂಡ್ ಹಾರಿಸುವ ಆಟವೂ ಸೇರಿತ್ತು. ಒಂದೂವರೆ ಸ್ಟಾರ್ ಈ ಭಾಗಕ್ಕೇ ಕೊಟ್ಟಿದ್ದೇನೆ.

ಸೇಬಿಗೆ ಡಬ್ಬಿಯಲ್ಲಿ ಏನೂ ಇರಲಿಲ್ಲ. ಒಳ್ಳೆಯದೇ ಆಯಿತು. ಟೀಚರ್ ಮೂರು ಬಗೆ ಸೇಬು ತಂದರು, ಕೆಂಪು ಮ್ಯಾಕಿಂಟಾಶ್, ಹಸಿರು ಗ್ರ್ಯಾನಿ ಸ್ಮಿತ್, ಹಳದಿ ಗೋಲ್ಡನ್ ಡಿಲಿಶಿಯಸ್. ನಾನು ಹೆಚ್ಚಿದೆ. ಮಕ್ಕಳು ಒಂದೊಂದು ಚೂರು ತಿಂದು, ಇಷ್ಟವಾದದ್ದರ ಹೆಸರಿನ ಕೆಳಗೆ ಒಂದು ಚೌಕದ ಕಾಗದ ಅಂಟಿಸಿದರು. ಕೆಂಪಿಗೆ 11, ಹಸಿರಿಗೆ 5, ಹಳದಿಗೆ 3. ಯಾವುದು ಜಾಸ್ತಿ, ಎಷ್ಟು ಜಾಸ್ತಿ, ಎಲ್ಲ ಸೇರಿದರೆ ಎಷ್ಟು ಅಂತ ಕಂಬ ನೋಡಿಯೇ ಹೇಳಿದರು. ಹಸಿರಿಗೆ ಅಂಟಿಸಿದ ಐವರಲ್ಲಿ ನಮ್ಮ ಮೊಮ್ಮಗನೂ ಒಬ್ಬ. "ಅಜ್ಜಿ, ಇದಕ್ಕೆ ಉಪ್ಪು ಖಾರ ಹಾಕ್ತಾರಲ್ವಾ?" ಅಂತ ಎಲ್ಲರೆದುರು ಕನ್ನಡದಲ್ಲೇ ಕೇಳಿದ. ಬೇಸಿಗೆಯಲ್ಲಿ ಮೈಸೂರಿಗೆ ಬಂದಾಗ ತಿಂದ ಮಾವಿನಕಾಯಿಯ ನೆನಪು. ಟೀಚರ್ ಏನಂದ ಅಂತ ಕೇಳಿದರು. ಹೇಳಿದೆ. ಮುಂದಿನ ವಾರ ಅವರು ಮನೆಯಲ್ಲಿ ಹಾಗೇ ತಿಂದು ನೋಡಿದ್ದರು.

ಸೇಬನ್ನು ಅಡ್ಡ ಕೊಯ್ದರೆ ಒಳಗೆ ಐದು ಮೂಲೆಯ ನಕ್ಷತ್ರ ಕಾಣುತ್ತದೆ. ಎಷ್ಟು ವರ್ಷದಿಂದ ಸೇಬು ತಿನ್ನುತ್ತಿದ್ದೇನೆ, ಉದ್ದಕ್ಕೆ ಕೊಯ್ಯುವುದೇ ಅಭ್ಯಾಸ, ನೋಡೇ ಇರಲಿಲ್ಲ. ಆಮೇಲೆ ನಾಲ್ಕು ಬಟ್ಟಲಲ್ಲಿ ಚೂರುಗಳನ್ನು ಇಟ್ಟರು. ಒಂದು ಹಾಗೇ, ಒಂದು ನೀರಲ್ಲಿ, ಒಂದು ಉಪ್ಪುನೀರಲ್ಲಿ, ಒಂದಕ್ಕೆ ನಿಂಬೆರಸ. ತಿಂಡಿ ಹೊತ್ತಿಗೆ ಹಾಗೇ ಇಟ್ಟದ್ದು ಕಂದು ಆಗಿತ್ತು, ನಿಂಬೆರಸದ್ದು ಬೆಳ್ಳಗೇ ಇತ್ತು. ಗಾಳಿ ತಾಗಿದರೆ ಬಣ್ಣ ತಿರುಗುತ್ತದೆ, ಹುಳಿ ಅದನ್ನು ತಡೆಯುತ್ತದೆ. ನಾವು ಬದನೆಕಾಯಿ ಹೆಚ್ಚಿ ನೀರಿಗೆ ಹಾಕುವುದೂ, ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕುವುದೂ ಇದಕ್ಕೇ. ಅಡುಗೆಮನೆಯಲ್ಲಿ ಇಷ್ಟು ವರ್ಷ ಮಾಡಿಯೂ, ನನ್ನ ಶಾಲೆಯಲ್ಲಿ ಒಂದು ದಿನ ಬಾಳೆದಿಂಡು ತೆಗೆದುಕೊಂಡು ಹೋಗಿ ತೋರಿಸಬೇಕು ಅಂತ ಹೊಳೆಯಲಿಲ್ಲವಲ್ಲ ಅಂತ ಬೇಜಾರಾಯಿತು.

ಜೋಡಿಸುವ ಕಾರ್ಡುಗಳಲ್ಲಿ ಎರಡು ತಪ್ಪು. ಒಂದು, ಓಕ್ ಎಲೆಯ ಚಿತ್ರಕ್ಕೆ ಮೇಪಲ್ ಅಂತ ಹೆಸರು. ಓಕ್ ಎಲೆಗೆ ಅಂಚಿನುದ್ದಕ್ಕೂ ಬೆರಳು ಬೆರಳಾಗಿ ಇರುತ್ತದೆ, ಮೇಪಲ್ ಅಂಗೈ ಬಿಚ್ಚಿದ ಹಾಗೆ. ತಪ್ಪು ಹಿಡಿದದ್ದು ನಾನಲ್ಲ, ಮನೆ ಮುಂದೆ ಓಕ್ ಮರ ಇರುವ ಒಂದು ಹುಡುಗಿ. "ಇದು ಸುಳ್ಳು ಹೇಳುತ್ತಿದೆ" ಅಂತ ಕಾರ್ಡನ್ನು ತಂದು ನನ್ನ ಕೈಯಲ್ಲಿಟ್ಟಳು. ಇನ್ನೊಂದು ಕಾರ್ಡಿನ ಹಿಂದೆ, ಚಳಿ ಬಂದು ಎಲೆಗಳಿಗೆ ಬಣ್ಣ ಬಳಿಯುತ್ತದೆ ಅಂತ ಬರೆದಿತ್ತು, ಬ್ರಶ್ ಹಿಡಿದ ಒಬ್ಬ ಮುದುಕನ ಚಿತ್ರದ ಜೊತೆ. ಕಥೆಗೆ ಚೆಂದ. ಪಾಠಕ್ಕೆ ಆಗುವುದಿಲ್ಲ. ಹಳದಿ ಬಣ್ಣವನ್ನು ಯಾರೂ ಬಳಿಯುವುದಿಲ್ಲ, ಅದು ಬೇಸಿಗೆಯಲ್ಲೂ ಎಲೆಯೊಳಗೇ ಇರುತ್ತದೆ. ಹಸಿರು ಮೇಲೆ ಕವುಚಿಕೊಂಡಿರುತ್ತದೆ ಅಷ್ಟೆ. ಹಗಲು ಕಿರಿದಾದ ಹಾಗೆ ಮರ ಹಸಿರು ಮಾಡುವುದನ್ನು ನಿಲ್ಲಿಸುತ್ತದೆ, ಇದ್ದದ್ದೂ ಕರಗುತ್ತದೆ, ಹಳದಿ ಹೊರಗೆ ಕಾಣುತ್ತದೆ. ಮೇಪಲ್‌ನ ಕೆಂಪು ಮಾತ್ರ ಬೇರೆ, ಅದು ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ಹೊತ್ತಿಗೆ ಹೊಸದಾಗಿ ಆಗುತ್ತದೆ.

ಟೀಚರ್ ಇದನ್ನು ಹೇಳಲಿಲ್ಲ, ತೋರಿಸಿದರು. ಇನ್ನೂ ಹಸಿರಾಗಿದ್ದ ಎಲೆಗಳನ್ನು ಮಕ್ಕಳ ಕೈಲಿ ಚೂರು ಚೂರು ಮಾಡಿಸಿ ಗಾಜಿನ ಲೋಟಕ್ಕೆ ಹಾಕಿಸಿದರು. ಮುಳುಗುವಷ್ಟು ರಬ್ಬಿಂಗ್ ಆಲ್ಕೋಹಾಲ್ (ಗಾಯ ಒರೆಸುವ ಸ್ಪಿರಿಟ್) ತಾವೇ ಹಾಕಿ, ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟರು. ಕಾಫಿ ಸೋಸುವ ಬಿಳಿ ಕಾಗದದ ಪಟ್ಟಿಯ ತುದಿ ಅದರಲ್ಲಿ ಅದ್ದಿ ಬಿಟ್ಟರು. ಶುಕ್ರವಾರ ಹಾಕಿದ್ದು, ಸೋಮವಾರ ಒಣಗಿದ ಪಟ್ಟಿಯಲ್ಲಿ ಹಸಿರು ಗೆರೆ, ಅದರಿಂದ ಸ್ವಲ್ಪ ಆಚೆ ಸಣ್ಣದೊಂದು ಹಳದಿ ಗೆರೆ. ಅವರು ಅದರ ಫೋಟೋ ಕಳಿಸಿದರು. "ಹಳದಿ ಒಳಗೆ ಬಚ್ಚಿಟ್ಟುಕೊಂಡಿತ್ತು" ಅಂತ ಮೊಮ್ಮಗ ಊಟ ಮಾಡುವಾಗ ಅವರಪ್ಪನಿಗೆ ಹೇಳಿದ.

ಆ ರಾತ್ರಿ ನನಗೆ ನಮ್ಮೂರಿನ ಎಲೆಗಳದ್ದೇ ಯೋಚನೆ. ನಮ್ಮಲ್ಲಿ ಕೆಂಪಾಗುವುದು ಎಳೆಯ ಎಲೆ. ಮಾವಿನ ಚಿಗುರು, ಅರಳಿ ಚಿಗುರು ತಾಮ್ರದ ಹಾಗೆ ಹೊಳೆಯುತ್ತದೆ. ಇಲ್ಲಿ ಹಣ್ಣೆಲೆ ಕೆಂಪು. ಹುಟ್ಟುವಾಗಿನ ಬಣ್ಣ ಅಲ್ಲಿ, ಹೋಗುವಾಗಿನ ಬಣ್ಣ ಇಲ್ಲಿ.

ಕುಂಬಳಕಾಯಿಯ ಕಾರ್ಡುಗಳು ಮಾತ್ರ ಚೆನ್ನಾಗಿವೆ. ಬೀಜ, ಮೊಳಕೆ, ಬಳ್ಳಿ, ಹಳದಿ ಹೂವು, ಹಸಿರು ಕಾಯಿ, ಕಿತ್ತಳೆ ಹಣ್ಣು. ಆರು ಕಾರ್ಡು, ಒಳ್ಳೆಯ ಫೋಟೋ. ಮಕ್ಕಳು ನೆಲದ ಮೇಲೆ ಸಾಲಾಗಿ ಜೋಡಿಸಿ ಕಥೆ ಹೇಳುತ್ತಿದ್ದರು. ಲ್ಯಾಮಿನೇಶನ್ ಮಾತ್ರ ಎರಡನೇ ವಾರಕ್ಕೇ ಮೂಲೆಯಲ್ಲಿ ಬಿಟ್ಟುಕೊಂಡಿತು. ಇದಕ್ಕೆ ಒಂದು ಸ್ಟಾರ್. ಅಲ್ಲಿಗೆ ಎರಡೂವರೆ ಆಯಿತು.

ಆದರೆ ಕುಂಬಳಕಾಯಿಯ ಹಬ್ಬ ಕಾರ್ಡಿನಲ್ಲಿ ಅಲ್ಲ, ಅಕ್ಟೋಬರ್ ಕೊನೆಯ ಶುಕ್ರವಾರ ಕಾಯಿಯಲ್ಲೇ ಆಯಿತು. ಮೊದಲು ದೊಡ್ಡ ಟಬ್ಬಿನಲ್ಲಿ ನೀರು. ಮುಳುಗುತ್ತದಾ ತೇಲುತ್ತದಾ? ಹದಿನಾರು ಮಕ್ಕಳು ಮುಳುಗುತ್ತದೆ ಅಂದರು. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡೆ. ಅದು ತೇಲಿತು. ಒಳಗೆ ಟೊಳ್ಳು ಅಲ್ವಾ. ಆಮೇಲೆ ಕೊಯ್ದು, ಬೀಜ ಎಷ್ಟು ಇರಬಹುದು ಅಂತ ಊಹೆ ಬರೆಸಿದರು. ಒಬ್ಬಳು ಹದಿಮೂರು ಅಂದಳು. ಒಬ್ಬ ಮಿಲಿಯನ್. ಕೈ ಹಾಕಿ ಬೀಜ ತೆಗೆಯುವ ಕೆಲಸಕ್ಕೆ ಅರ್ಧ ತರಗತಿ ನುಗ್ಗಿತು, ಇನ್ನರ್ಧ ಮೂಗು ಮುಚ್ಚಿಕೊಂಡು ಓಡಿತು. ಕಾಗದದ ಲೋಟಕ್ಕೆ ಹತ್ತತ್ತು ಬೀಜ. ಹತ್ತು ಲೋಟಕ್ಕೆ ಒಂದು ತಟ್ಟೆ. ಕೊನೆಗೆ ನಾಲ್ಕು ತಟ್ಟೆ, ಮೇಲೆ ಮೂರು ಲೋಟ, ಕೈಯಲ್ಲಿ ಏಳು ಬೀಜ. 437. ಐದು ವರ್ಷದ ಮಕ್ಕಳು ಆ ಸಂಖ್ಯೆ ಓದಬೇಕಾಗಿಲ್ಲ, ಆದರೆ ತಟ್ಟೆ, ಲೋಟ, ಬೀಜ ಅಂತ ಮೂರು ಜಾಗ ಅವರ ಕಣ್ಣಮುಂದೆ ಇತ್ತು. ನೂರು, ಹತ್ತು, ಬಿಡಿ ಅಂತ ಮೂರನೇ ತರಗತಿಯವರಿಗೆ ನಾನು ಗಂಟಲು ಹರಿದುಕೊಂಡಿದ್ದೇನೆ.

ಹ್ಯಾಲೋವೀನ್ ಹಬ್ಬಕ್ಕೆ ಇಲ್ಲಿ ಮಾಡುವ ಹಾಗೆ ಕುಂಬಳಕಾಯಿಗೆ ಕಣ್ಣು ಬಾಯಿ ಕೆತ್ತಲಿಲ್ಲ. ಆ ಹಬ್ಬ ಆಚರಿಸದ ಮನೆಗಳ ಮಕ್ಕಳೂ ಇದ್ದಾರೆ, ನಮಗೆ ಇದು ಹಣ್ಣು ಅಷ್ಟೆ ಅಂದರು ಟೀಚರ್. ನಾವು ಆಯುಧಪೂಜೆಗೆ ಬೂದುಗುಂಬಳಕ್ಕೆ ತೂತು ಮಾಡಿ, ಕುಂಕುಮ ಹಾಕಿ, ಗಾಡಿ ಮುಂದೆ ಒಡೆಯುತ್ತೇವೆ ಅಂತ ಹೇಳಿದಾಗ ಮಕ್ಕಳ ಕಣ್ಣು ನೋಡಬೇಕಿತ್ತು. ಎಲ್ಲರಿಗೂ ಅದೇ ಬೇಕಂತೆ. ಉಳಿದ ತಿರುಳನ್ನು ಬಿಸಾಡುತ್ತಾರೆ ಅಂತ ಗೊತ್ತಾಗಿ ಮನೆಗೆ ತಂದು ಪಲ್ಯ ಮಾಡಿದೆ. ಮಾಡಬೇಡಿ. ಕೆತ್ತುವ ದೊಡ್ಡ ಕಾಯಿ ನೀರು ನೀರು, ನಾರು ನಾರು. ಅಡುಗೆಗೆ ಶುಗರ್ ಪಂಪ್ಕಿನ್ ಅಂತ ಸಣ್ಣದು ಬೇರೆ ಸಿಗುತ್ತದೆ. ಬೀಜ ತೊಳೆದು, ಒಣಗಿಸಿ, ತುಪ್ಪ ಉಪ್ಪು ಹಾಕಿ ಹುರಿದದ್ದು ಮಾತ್ರ ಸೊಗಸಾಗಿತ್ತು.

ವರ್ಕ್‌ಶೀಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚುಕ್ಕಿ ಸೇರಿಸಿ, ಬಣ್ಣ ತುಂಬಿ, ಬೆರ್ಚಪ್ಪನಿಗೆ ದಾರಿ ತೋರಿಸಿ. 60 ಪುಟದಲ್ಲಿ ಆರೋ ಏಳೋ ಉಪಯೋಗಕ್ಕೆ ಬಂದವು. ಮಳೆ ಬಂದು ಮೈದಾನಕ್ಕೆ ಹೋಗಲಾಗದ ದಿನ.

ಮಗಳು ತಪ್ಪು ಕಾರ್ಡಿನ ಫೋಟೋ ತೆಗೆದು ಕಂಪನಿಗೆ ಬರೆದಳು. ಕ್ಷಮಿಸಿ ಅಂತ ಉತ್ತರ ಬಂತು, ಜೊತೆಗೆ ಮುಂದಿನ ಖರೀದಿಗೆ ಐದು ಡಾಲರ್ ಕೂಪನ್. ಹೊಸ ಕಾರ್ಡು ಬರಲಿಲ್ಲ. ಟೀಚರ್ ಪೆನ್ನಿನಲ್ಲಿ ಹೆಸರು ಹೊಡೆದು, ಕಂಡುಹಿಡಿದ ಹುಡುಗಿಯ ಕೈಲೇ ಓಕ್ ಅಂತ ಬರೆಸಿದರು.

ಹಾಗಾದರೆ ತಗೋಬೇಕಾ ಅಂದರೆ, ಇಲ್ಲಿರುವವರಿಗೆ ನನ್ನ ಲೆಕ್ಕ ಇಷ್ಟು. ಪೂರ್ತಿ ಡಬ್ಬಿ ಬೇಡ. ಏಕಾರ್ನ್, ಚಿಮಟ, ಹತ್ತು ಮನೆಯ ಕಾರ್ಡು ಬೇರೆಯಾಗಿ ಸಿಕ್ಕಿದರೆ ಅಷ್ಟೇ ತಗೊಳ್ಳಿ. ಕಾರ್ಡನ್ನು ಮನೆಯಲ್ಲೇ ರಟ್ಟಿನ ಮೇಲೆ ಗೆರೆ ಎಳೆದು ಮಾಡಬಹುದು. ಮಿಕ್ಕ ದುಡ್ಡಿಗೆ ಟೀಚರನ್ನೇ ಕೇಳಿ. ನಮ್ಮ ಟೀಚರಿಗೆ ಬೇಕಾಗಿದ್ದದ್ದು ಕಾಫಿ ಫಿಲ್ಟರ್, ಕಾಗದದ ಲೋಟ, ಎರಡು ಹೂಪ್ ಮತ್ತು ಸೇಬು. ಸೇಬಿನ ದುಡ್ಡು ಅವರು ತಮ್ಮ ಕೈಯಿಂದಲೇ ಹಾಕಿದ್ದರು ಅಂತ ಆಮೇಲೆ ಗೊತ್ತಾಯಿತು.

ಮಗಳ ಗೆಳತಿಯೊಬ್ಬಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ಅವಳ ಮಗಳ ಯುಕೆಜಿಯಲ್ಲೂ ಅಕ್ಟೋಬರ್‌ನಲ್ಲಿ ಆಟಮ್ ಡೇ ಅಂತೆ. ಕಿತ್ತಳೆ ಬಟ್ಟೆ ಹಾಕಿ, ಮೇಪಲ್ ಎಲೆ ಮಾಡಿ ತನ್ನಿ ಅಂತ ಹೇಳಿದ್ದಾರಂತೆ. ಈ ಡಬ್ಬಿ ತರಿಸಲಾ ಆಂಟಿ ಅಂತ ಕೇಳಿದಳು. ಬೇಡವೇ ಬೇಡ ಅಂದೆ. ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ಹಿಂಗಾರು ಮಳೆ. ಮರಗಳೆಲ್ಲ ತೊಪ್ಪೆಯಾಗಿ ಹಸಿರಾಗಿ ನಿಂತಿರುತ್ತವೆ. ಪುಸ್ತಕದಲ್ಲಿ ಆಟಮ್‌ಗೆ ಶರದೃತು ಅಂತ ಬರೆಯುತ್ತೇವೆ, ಆದರೆ ನಮ್ಮ ಶರದೃತು ಅಂದರೆ ನವರಾತ್ರಿ, ಬೆಳದಿಂಗಳು. ಎಲೆ ಉದುರುವುದು ಶಿಶಿರದಲ್ಲಿ. ಜನವರಿ, ಫೆಬ್ರವರಿಗೆ ಕಾದು ನೋಡಿ, ಯಾವುದಾದರೂ ಶಾಲೆಯ ಅಂಗಳದಲ್ಲಿ ಕಾಡುಬಾದಾಮಿ ಮರ ಇದ್ದೇ ಇರುತ್ತದೆ. ಅಂಗೈಗಿಂತ ದೊಡ್ಡ ಎಲೆ, ಉದುರುವ ಮೊದಲು ಕೆಂಪಾಗುತ್ತದೆ. ಒಂದೇ ಎಲೆಯಲ್ಲಿ ಹಸಿರು, ಹಳದಿ, ಕೆಂಪು ಮೂರೂ ಸಿಗುತ್ತದೆ. ಎರಡು ಹೂಪ್ ಸಾಲದು, ಮೂರು ಬೇಕಾಗುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಕಸ ಗುಡಿಸುವವರು ಬರುವ ಮೊದಲು ಹೋದರೆ ಆಯಿತು. ಅವಳು ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ, "ಆದರೆ ಕಿತ್ತಳೆ ಫ್ರಾಕ್ ತಂದಾಗಿದೆ ಆಂಟಿ" ಅಂದಳು.

ನವೆಂಬರ್ ಮೂರನೇ ವಾರ ಥೀಮ್ ಮುಗಿಯಿತು. ಟೀಚರ್ ಪ್ಲಾಸ್ಟಿಕ್ ಎಲೆಗಳನ್ನೂ ಅಚ್ಚುಗಳನ್ನೂ ಮನೆಗೆ ಕಳಿಸಿದರು, ಏಕಾರ್ನ್ ಮತ್ತು ಚಿಮಟ ಮುಂದಿನ ವರ್ಷಕ್ಕೂ ಇರಲಿ ಅಂತ ಇಟ್ಟುಕೊಂಡರು. ಕೊಡುವಾಗ ನೂರು ಇದ್ದವು. ಮಕ್ಕಳ ಕೈಲೇ ಹತ್ತತ್ತಾಗಿ ಎಣಿಸಿ ಡಬ್ಬಿಗೆ ತುಂಬಿಸಿದಾಗ ಒಂಬತ್ತು ಹತ್ತು, ಮೇಲೆ ನಾಲ್ಕು ಬಂತು. ಉಳಿದ ಆರರಲ್ಲಿ ಒಂದು ಅವತ್ತು ಸಂಜೆ ನಮ್ಮ ವಾಶಿಂಗ್ ಮೆಶಿನ್ನಿನಲ್ಲಿ ಸಿಕ್ಕಿತು, ಮೊಮ್ಮಗನ ಪ್ಯಾಂಟಿನ ಜೇಬಿನಲ್ಲಿ, ಟೋಪಿ ಸಮೇತ.